ಮೂರು ದಿನದ ಪಥ್ಯ

ಅರೆಯುವ ಕಲ್ಲಿನ ಸದ್ದಿಗೆ ಸರಸಳಿಗೆ ಎಚ್ಚರವಾಯಿತು. ಅಡುಗೆಮನೆಯ ಕಲ್ಲಿನದು ಒಂದು ಸದ್ದು, ಬಾವಿಕಟ್ಟೆಯ ಪಕ್ಕದಲ್ಲಿ ಮದ್ದಿಗೆಂದೇ ಇಟ್ಟ ಸಣ್ಣ ಕಲ್ಲಿನದು ಇನ್ನೊಂದು. ಇದು ಬಾವಿಕಟ್ಟೆಯದು. ಅಂದರೆ ಅತ್ತೆ ಚಂದಕ್ಕ ಎದ್ದು ಸೊಪ್ಪು ಕೊಯ್ದಾಗಿದೆ, ಜಗಲಿಯಲ್ಲಿ ಯಾರೋ ಬಂದು ಕೂತಿದ್ದಾರೆ. ಈ ವರ್ಷ ಮಳೆ ಹಿಡಿದ ಮೇಲೆ ಇದೇ ಮೊದಲು. ಸರಸ ಮುಖ ತೊಳೆಯದೆ, ಕೂದಲು ಕಟ್ಟದೆ ಹೊರಗೆ ಬಂದಳು.

ಕೂತಿದ್ದವನು ಯೋಗೀಶ. ಮೂರು ಗದ್ದೆ ಆಚೆಯ ಮನೆಯವನು, ಇನ್ನಂಜೆಯ ಅರ್ಧ ಊರಿನ ಗದ್ದೆಗೆ ಟಿಲ್ಲರ್ ಇಳಿಸುವವನು. ಮೊನ್ನೆ ಮೊನ್ನೆಯವರೆಗೆ ಮೊಣಕಾಲು ಕೆಸರಿನಲ್ಲಿ ನಿಂತು ಹಾಡು ಹೇಳುತ್ತಿದ್ದ ಮನುಷ್ಯ ಈಗ ಗೋಡೆಗೆ ಒರಗಿ, ಎರಡೂ ಕಾಲು ಚಾಚಿ, ಕಣ್ಣು ಮುಚ್ಚಿಕೊಂಡು ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಹರ್ಷಿಣಿ ಕೆತ್ತಿದ ಎಳನೀರಿನ ಬೊಂಡವೊಂದನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಊರವರು ಅರಸಿನ ಮುಂಡಿಗೆ ಎಂದು ಕರೆಯುವ ಕಾಮಾಲೆಗೆ ಚಂದಕ್ಕನ ಮದ್ದು ಬೇಕೆಂದರೆ ತರಬೇಕಾದದ್ದು ಅದೊಂದೇ. ಬೊಂಡದ ನೀರಿನಲ್ಲಿ ಮದ್ದು ಕಲಸಿ ಕೊಡುವುದು. ಕುಡಿದಾದ ಮೇಲೆ ಖಾಲಿ ಬೊಂಡವನ್ನೂ ಬಂದವರೇ ಹೊತ್ತುಕೊಂಡು ಹೋಗಬೇಕು. ಮದ್ದು ಕೊಟ್ಟ ಮನೆಯಲ್ಲಿ ರೋಗಿಯದ್ದು ಏನೂ ಉಳಿಯಬಾರದು ಎಂದು ಕ್ರಮ. ಚಂದಕ್ಕ ತನ್ನ ತಾಯಿಯಿಂದ ಕಲಿತದ್ದು ಮದ್ದಿಗಿಂತ ಹೆಚ್ಚು ಈ ಕ್ರಮಗಳನ್ನು.

"ಎಷ್ಟು ದಿನ ಆಯ್ತು ಜ್ವರ?" ಎಂದು ಸರಸ ಕೇಳಿದಳು.

ಐದು ದಿನ ಎಂದಳು ಹರ್ಷಿಣಿ. ಮೊದಲು ಚಳಿಜ್ವರ, ನಿನ್ನೆಯಿಂದ ಕಣ್ಣು ಹಳದಿ. ಸರಸ ಬಗ್ಗಿ ನೋಡಿದಳು. ಹಳದಿಯ ಮೇಲೆ ಕೆಂಪು ಗೆರೆಗಳು ಎದ್ದಿದ್ದವು. ಮೀನಖಂಡವನ್ನು ಮೆಲ್ಲನೆ ಒತ್ತಿದಾಗ ಯೋಗೀಶ ಹಲ್ಲು ಕಚ್ಚಿ ಕಾಲನ್ನು ಎಳೆದುಕೊಂಡ. ಅವಳಿಗೆ ಇನ್ನೇನೂ ಕೇಳಬೇಕಾಗಿರಲಿಲ್ಲ. ಆ ನೋವು ಅವಳ ಕಾಲಿಗೇ ಗೊತ್ತಿತ್ತು.

"ನಿಮಗೂ ಹೀಗೇ ಆದದ್ದಲ್ವಾ ಸರಸಕ್ಕ?" ಯೋಗೀಶ ಕಣ್ಣು ಬಿಡದೆ ಕೇಳಿದ. "ಚಂದಕ್ಕನ ಮದ್ದಿನಲ್ಲೇ ನೀವು ಎದ್ದು ಕೂತದ್ದು ಅಂತ ಎಲ್ಲರೂ ಹೇಳ್ತಾರೆ. ನನಗೂ ಹಾಗೆ ಒಮ್ಮೆ ಆದ್ರೆ ಸಾಕಿತ್ತು."

ಅಲ್ಲ ಎಂದು ಹೇಳಲು ಅವಳು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಚಂದಕ್ಕ ಬಾವಿಕಟ್ಟೆಯಿಂದ ಬಂದಳು. ಎಪ್ಪತ್ತೆರಡರ ಹೆಂಗಸು, ಒದ್ದೆ ಸೀರೆ, ಅಂಗೈಯಲ್ಲಿ ಹಸಿರು ಉಂಡೆ. ಯಾರ ಮುಖವನ್ನೂ ನೋಡದೆ ಅದನ್ನು ಬೊಂಡದೊಳಗೆ ಕಲಸಿದಳು. ಪಥ್ಯ ಹೇಳಿದಳು: ಉಪ್ಪಿಲ್ಲ, ಎಣ್ಣೆ ಇಲ್ಲ, ದಿನಕ್ಕೊಂದರಂತೆ ಮೂರು ದಿನ ಮದ್ದು, ಆ ಮೂರು ದಿನ ಇಂಗ್ಲಿಷ್ ಮದ್ದು ನಾಲಿಗೆಗೆ ತಾಗಬಾರದು. ಎರಡೂ ಹೊಟ್ಟೆಯಲ್ಲಿ ಸೇರಿದರೆ ವಿಷ.

ಒಮ್ಮೆ ಡಾಕ್ಟರಿಗೂ ತೋರಿಸಿ ಎಂದು ಸರಸ ಹರ್ಷಿಣಿಯ ಕಿವಿಯ ಹತ್ತಿರ ಹೇಳಿದಳು. ಅದು ಅವಳಿಗೇ ಸರಿಯಾಗಿ ಕೇಳಿಸದಷ್ಟು ಸಣ್ಣ ದನಿ. ಮೂರು ದಿನ ಕಳೆಯಲಿ ಅಕ್ಕ, ಮತ್ತೆ ಹೋಗುವ ಎಂದಳು ಹರ್ಷಿಣಿ. ಯೋಗೀಶ ಗಟಗಟ ಕುಡಿದ. ಅವನ ಗಂಟಲು ಏರಿ ಇಳಿಯುವುದನ್ನು ನೋಡುತ್ತ ಸರಸ ಜಗಲಿಯ ಕಂಬವನ್ನು ಹಿಡಿದುಕೊಂಡಳು. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಇಷ್ಟು ಹೇಳಿದರೆ ಸರಸ ಬಾಯಿಲ್ಲದ ಹೆಂಗಸೆಂದು ಯಾರಾದರೂ ತಿಳಿದಾರು. ಹಾಗೇನೂ ಇಲ್ಲ. ಕಳೆದ ಮಳೆಗಾಲದಿಂದ ಈ ಮಳೆಗಾಲದೊಳಗೆ ಅವಳು ಹದಿನಾಲ್ಕು ಊರಿನಲ್ಲಿ ಮೈಕ್ ಹಿಡಿದು ಮಾತಾಡಿದ್ದಳು, ಅದೂ ಇದೇ ರೋಗದ ಬಗ್ಗೆ. ಅವಳನ್ನು ವೇದಿಕೆ ಹತ್ತಿಸಿದವಳು ಜೋಸ್ಲಿನ್, ಕಾರ್ಕಳದ ಕಡೆಯ ಹುಡುಗಿ, ಆರೋಗ್ಯ ಇಲಾಖೆಯವಳು. ಹುಡುಗಿ ಎನ್ನುವುದು ಸರಸಳ ಲೆಕ್ಕ. ಜೋಸ್ಲಿನ್‌ಗೆ ಮೂವತ್ತೈದು ದಾಟಿ, ಸ್ಕೂಟರಿನ ಹಿಂದೆ ಮಾತ್ರೆಯ ಪೆಟ್ಟಿಗೆ ಕಟ್ಟಿಕೊಂಡು ತಿರುಗಿ ತಿರುಗಿ ಮುಖ ಕಪ್ಪಾಗಿತ್ತು. ಆರು ವರ್ಷದಿಂದ ಅವಳು ಊರೂರಿಗೆ ಚಾರ್ಟ್ ಹೊತ್ತು ಇಲಿ ಜ್ವರದ ಬಗ್ಗೆ ಹೇಳಿದ್ದಳು. ಇಲಿಯ ಮೂತ್ರ ಗದ್ದೆಯ ನೀರಿಗೆ ಸೇರುತ್ತದೆ, ಕಾಲಿನ ಬಿರುಕಿನಿಂದ ಮೈಯೊಳಗೆ ಹೋಗುತ್ತದೆ, ವಾರಕ್ಕೊಮ್ಮೆ ಮಾತ್ರೆ ನುಂಗಿ, ಜ್ವರ ಬಂದರೆ ಆಸ್ಪತ್ರೆಗೆ ಬನ್ನಿ. ಜನ ಚಾರ್ಟ್ ನೋಡಿ, ಕಾಫಿ ಕುಡಿದು, ಮಾತ್ರೆಯನ್ನು ಕಿಟಕಿಯ ದಂಡೆಯ ಮೇಲೆ ಇಟ್ಟು ಮರೆಯುತ್ತಿದ್ದರು.

"ನಂಬರಿಗೆ ಯಾರೂ ಹೆದರುವುದಿಲ್ಲ ಸರಸಕ್ಕ," ಎಂದಿದ್ದಳು ಜೋಸ್ಲಿನ್. "ಮನುಷ್ಯರಿಗೆ ಮನುಷ್ಯರೇ ಹೇಳ್ಬೇಕು. ಏಳು ನಿಮಿಷ ಸಾಕು. ಅಳಬೇಡಿ. ನೀವು ಅತ್ತರೆ ಅವರು ನಿಮ್ಮನ್ನು ಸಮಾಧಾನ ಮಾಡ್ಲಿಕ್ಕೆ ಹೊರಡ್ತಾರೆ, ಮಾತ್ರೆ ಮರೀತಾರೆ."

ಮೊದಲ ಸಲ ಹಿರಿಯಡ್ಕದಲ್ಲಿ ಸರಸಳಿಗೆ ತನ್ನ ಹೆಸರಿನ ಮುಂದೆ ಒಂದು ಅಕ್ಷರವೂ ಬರಲಿಲ್ಲ. ಕೊನೆಗೆ ಸೆರಗು ಸರಿಸಿ, ಡಯಾಲಿಸಿಸ್ ಮಾಡಲು ನಳಿಗೆ ಚುಚ್ಚಿದ್ದ ಕುತ್ತಿಗೆಯ ಕಲೆ ತೋರಿಸಿದಳು. ಎದುರು ಕೂತ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹತ್ತಿರ ಬಂದರು. ಆಮೇಲೆ ಮಾತು ತಾನಾಗಿ ಬಂತು. ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ ಗಂಡಸರು ಹಿಂದಿನ ಸಾಲಿನಲ್ಲಿ ಕೂತು, ಇಲಿಗೆ ಜ್ವರ ಬಂದರೆ ಕಂಬಳಿ ಯಾರು ಹೊದಿಸುವುದು ಎಂದು ತಮಾಷೆ ಮಾಡುತ್ತಿದ್ದರು. ಏಳನೆಯ ನಿಮಿಷಕ್ಕೆ ಅವರು ಸುಮ್ಮನಾದರು. ಆ ದಿನ ಪೆಟ್ಟಿಗೆಯ ಮಾತ್ರೆ ಮುಗಿದು, ಜೋಸ್ಲಿನ್ ಇನ್ನೊಂದು ಪೆಟ್ಟಿಗೆಗಾಗಿ ಕಾಪುವಿಗೆ ಸ್ಕೂಟರ್ ಓಡಿಸಬೇಕಾಯಿತು. ಕಾಪುವಿನ ಬಸ್ ಸ್ಟ್ಯಾಂಡಿನಲ್ಲಿ ಸರಸಳ ಫೋಟೋದ ಪೋಸ್ಟರ್ ಬಂತು: ಇಲಿ ಜ್ವರ ಗೆದ್ದ ಸರಸ. ಅದನ್ನು ನೋಡಲೆಂದೇ ಚಂದಕ್ಕ ಬಸ್ಸಿನಲ್ಲಿ ಹೋಗಿ, ಸೊಸೆಯ ಮುಖದ ಮೇಲಿನ ಮಳೆಹನಿಯನ್ನು ಸೆರಗಿನಿಂದ ಒರೆಸಿ ಬಂದಿದ್ದಳು.

ಆ ಏಳು ನಿಮಿಷದಲ್ಲಿ ಒಂದು ಮಾತು ಹದಿನಾಲ್ಕು ಊರಿನಲ್ಲೂ ಒಂದೇ ಥರ ಇರುತ್ತಿತ್ತು. ನಮ್ಮಿಬ್ಬರಿಗೂ ಒಂದೇ ವಾರದಲ್ಲಿ ಜ್ವರ ಬಂತು, ನಾನು ಬೇಗ ಆಸ್ಪತ್ರೆಗೆ ಹೋದೆ, ಬದುಕಿದೆ. ನನ್ನ ಗಂಡನಿಗೆ ತಡವಾಯಿತು. ಅಷ್ಟೇ. ಯಾಕೆ ತಡವಾಯಿತು ಎಂದು ಯಾರೂ ಕೇಳಲಿಲ್ಲ. ಸತ್ತವನ ಹೆಂಡತಿಯನ್ನು ಯಾರು ಕೇಳುತ್ತಾರೆ? ಕಳೆದ ತಿಂಗಳು ಸ್ಕೂಟರಿನಲ್ಲಿ ಬರುವಾಗ ಜೋಸ್ಲಿನ್ ಮಾತ್ರ ತನ್ನಷ್ಟಕ್ಕೇ ಹೇಳಿಕೊಳ್ಳುವವಳ ಹಾಗೆ ಹೇಳಿದ್ದಳು. ಮಾತ್ರೆ ತಿನ್ನುವವರು ಹೆಚ್ಚಾಗಿದ್ದಾರೆ, ಆದರೆ ಜ್ವರ ಬಂದವರು ಈಗಲೂ ಕಣ್ಣು ಹಳದಿಯಾಗಿ ನಾಲ್ಕು ದಿನ ಕಳೆದ ಮೇಲೆಯೇ ಬರುತ್ತಾರೆ. ಆ ನಾಲ್ಕು ದಿನ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಎಲ್ಲರೂ ಗೋಡೆ ನೋಡುತ್ತಾರೆ. ಹಿಂದೆ ಕೂತಿದ್ದ ಸರಸ ಆಗ ರಸ್ತೆಯ ಬದಿ ನೋಡಿದ್ದಳು.

ಅವಳಿಗೆ ಗೊತ್ತಿತ್ತು, ಎಲ್ಲಿಗೆ ಹೋಗುತ್ತದೆಂದು. ಅದರಲ್ಲಿ ಮೂರು ದಿನ ಅವಳದೇ ಮನೆಯ ಜಗಲಿಗೆ ಹೋಗುತ್ತಿತ್ತು.

ಎರಡು ವರ್ಷದ ಹಿಂದೆ ಭತ್ತದ ನೇಜಿ ನೆಟ್ಟು ಮುಗಿದ ವಾರ ಅವಳೂ ಗಂಡ ಗುಣಪಾಲನೂ ಒಟ್ಟಿಗೆ ಜ್ವರ ಹಿಡಿದು ಮಲಗಿದರು. ಇಬ್ಬರ ಕಣ್ಣೂ ಹಳದಿಯಾಯಿತು. ಚಂದಕ್ಕ ಮಗನಿಗೆ ಮದ್ದು ಅರೆದಳು. ಸೊಸೆಗೆ ಅರೆಯಲಿಲ್ಲ, ಯಾಕೆಂದರೆ ಸರಸ ಆ ದಿನವೇ ಮುಟ್ಟಾಗಿದ್ದಳು; ಮುಟ್ಟಾದವರಿಗೆ ಈ ಮದ್ದು ಕೊಡುವ ಕ್ರಮವಿಲ್ಲ. ನಾಲ್ಕು ದಿನ ಕಾಯಿಸುವುದು ಬೇಡವೆಂದು ಚಂದಕ್ಕನೇ ಹಿರಿಯಡ್ಕದಲ್ಲಿ ಅಂಗಡಿ ಇಟ್ಟುಕೊಂಡಿದ್ದ ಸರಸಳ ಅಣ್ಣ ವಿಶಾಲನಿಗೆ ಫೋನು ಮಾಡಿಸಿದಳು. ಮರುದಿನ ಮಧ್ಯಾಹ್ನ ವಿಶಾಲ ಕಾರು ತಂದ. ಆಗ ಗುಣಪಾಲ ಜಗಲಿಯಿಂದ ಕಷ್ಟಪಟ್ಟು ಎದ್ದು ಬಂದು, ತಾನೂ ಬರುತ್ತೇನೆ, ಕಾಲುನೋವು ತಡೆಯಲಾಗುವುದಿಲ್ಲ ಎಂದ. ಹಿಂದಿನ ಸೀಟು ಪೂರ್ತಿ ಖಾಲಿ ಇತ್ತು. ಸರಸ ಬೇಡ ಎಂದಳು. ಎರಡು ಮದ್ದು ಆಗಿದೆ, ಇನ್ನೊಂದೇ ದಿನ, ಈಗ ಪಥ್ಯ ಮುರಿದರೆ ವಿಷ ಆಗುತ್ತದೆ ಎಂದಳು. ಅವಳಿಗೆ ಅದರಲ್ಲಿ ಸಂಶಯವೇ ಇರಲಿಲ್ಲ. ಗುಣಪಾಲ ಕಿಟಕಿಯ ಹತ್ತಿರ ಬಗ್ಗಿ ಏನೋ ಒಂದು ಮಾತು ಹೇಳಿ, ಕಾರಿನ ಬಾಗಿಲನ್ನು ತಾನೇ ಹಾಕಿದ.

ಮೂರನೆಯ ಮದ್ದಿಗೆ ಮೊದಲೇ ಅವನನ್ನು ನಾಲ್ವರು ಎತ್ತಿಕೊಂಡು ಅದೇ ಆಸ್ಪತ್ರೆಗೆ ತಂದಾಗ ಅವಳಿಗೆ ಪ್ರಜ್ಞೆ ಇರಲಿಲ್ಲ. ಅವಳಿಗೆ ಪ್ರಜ್ಞೆ ಬಂದಾಗ ಅವನ ಹನ್ನೊಂದನೆಯ ದಿನದ ಕ್ರಿಯೆಯೂ ಕಳೆದಿತ್ತು. ಮನೆಗೆ ಬಂದ ಮೇಲೆ ಒಂದು ತಿಂಗಳು ಚಂದಕ್ಕ ಅವಳಿಗೆ ಕೈಯಾರೆ ಗಂಜಿ ಉಣ್ಣಿಸಿದಳು. ಆಸ್ಪತ್ರೆಯವರು ಮೂರನೆಯ ಮದ್ದು ಕುಡಿಯಲು ಬಿಡಲಿಲ್ಲ, ಬಿಟ್ಟಿದ್ದರೆ ಮಗ ಉಳಿಯುತ್ತಿದ್ದ ಎಂದು ಮುದುಕಿ ಬಲವಾಗಿ ನಂಬಿದ್ದಳು. ಆ ನಂಬಿಕೆ ಕಿತ್ತರೆ ಅವಳಲ್ಲಿ ಏನು ಉಳಿದೀತು? ಸರಸ ಕೀಳಲು ಹೋಗಲಿಲ್ಲ. ಸೊಸೆ ಹೇಗೆ ಬದುಕಿದಳು ಎನ್ನುವುದಕ್ಕೆ ಊರು ತನಗೆ ಬೇಕಾದ ಕಾರಣ ಕಂಡುಕೊಂಡಿತು. ಅವಳು ಅದನ್ನೂ ಸರಿಪಡಿಸಲಿಲ್ಲ.

ಈಗ ಹದಿನೈದನೆಯ ಊರು ಅವಳದೇ ಊರಾಗಿತ್ತು. ಹಾಲಿನ ಸೊಸೈಟಿಯ ಮಾಳಿಗೆಯ ಹಾಲ್‌ನಲ್ಲಿ ಅದೇ ದಿನ ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ. ಇನ್ನಂಜೆ ಬೇಡ ಎಂದು ಸರಸ ಒಂದು ವರ್ಷದಿಂದ ನೆಪ ಹೇಳಿ ಹೇಳಿ ಸೋತಿದ್ದಳು. ಚಂದಕ್ಕ ಊಟವಾದ ಕೂಡಲೇ ಗಂಜಿ ಹಾಕಿದ ಸೀರೆ ಉಟ್ಟು, ಮೊದಲ ಸಾಲಿನ ಮೊದಲ ಕುರ್ಚಿಯಲ್ಲಿ ಹೋಗಿ ಕೂತಾಗಿತ್ತು. ಸೊಸೆ ಮೈಕಿನಲ್ಲಿ ಮಾತಾಡುವುದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಪಕ್ಕದವರಿಗೆಲ್ಲ, ನಮ್ಮ ಸರಸನ ಭಾಷಣ ಉಂಟು ಎಂದು ಅವರಿಗೆ ಗೊತ್ತಿಲ್ಲದ ಸಂಗತಿಯ ಹಾಗೆ ಹೇಳುತ್ತಿದ್ದಳು.

ಮೆಟ್ಟಿಲಿನ ಹತ್ತಿರ ಹರ್ಷಿಣಿ ಕೊಡೆ ಮಡಚಿಕೊಂಡು ನಿಂತಿದ್ದಳು. ತನಗಾಗಿ ಮಾತ್ರೆ ಕೇಳಲು ಬಂದಿದ್ದಳಂತೆ. ನೀನಾದರೂ ತಿನ್ನು ಎಂದು ಯೋಗೀಶ ಕಳಿಸಿದ್ದ. ಅವನು ಹೇಗಿದ್ದಾನೆ ಎಂದು ಸರಸ ಕೇಳಿದಳು. ಮಲಗಿದ್ದಾರೆ, ಬೆಳಗ್ಗಿನಿಂದ ಎರಡು ಸಲ ವಾಂತಿ ಎಂದಳು.

"ಮೂತ್ರ ಹೋಗ್ತದಾ?"

"ಇವತ್ತು ಆಗಲೇ ಇಲ್ಲ ಅಕ್ಕ."

ಸರಸ ಅವಳ ರಟ್ಟೆ ಹಿಡಿದು, ಈಗಲೇ ಮಣಿಪಾಲಕ್ಕೆ ಕರೆದುಕೊಂಡು ಹೋಗು, ಕಾಯಬೇಡ ಎಂದಳು. ಹರ್ಷಿಣಿಯ ಕಣ್ಣು ತುಂಬಿತು. "ಅವರು ಒಪ್ಪುವುದಿಲ್ಲ. ಪಥ್ಯ ಮುರಿದ್ರೆ ವಿಷ ಆಗ್ತದೆ ಅಂತ ನನ್ನ ಅತ್ತೆಯೂ ಬಿಡುವುದಿಲ್ಲ. ನೀವು ಇದೇ ಮದ್ದು ಕುಡಿದು ಬದುಕಿದ್ದಲ್ವಾ ಅಕ್ಕ? ಎಷ್ಟನೇ ದಿನಕ್ಕೆ ಮೂತ್ರ ಬಂತು ನಿಮಗೆ?"

ಮೇಲಿನಿಂದ ಜೋಸ್ಲಿನ್ ಕರೆದಳು. ಸರಸ ಹರ್ಷಿಣಿಯ ರಟ್ಟೆ ಬಿಟ್ಟಳು. ಮೆಟ್ಟಿಲು ಹತ್ತುವಾಗ ಕಾಲು ಎರಡು ವರ್ಷದ ಹಿಂದಿನ ಹಾಗೆ ನೋಯುತ್ತಿತ್ತು. ಹೇಳಿದರೆ ಅತ್ತೆ ಹೋದಳು. ಹೇಳದಿದ್ದರೆ ಯೋಗೀಶ ಹೋದ. ಇನ್ನೊಂದು ದಾರಿ ಉಂಟೋ ಎಂದು ಅವಳು ಆ ಹದಿನೆಂಟು ಮೆಟ್ಟಿಲು ಮುಗಿಯುವವರೆಗೂ ಹುಡುಕಿದಳು. ಇರಲಿಲ್ಲ.

ಎಂದಿನಂತೆ ಶುರು ಮಾಡಿದಳು. ಹೆಸರು, ಊರು, ನೇಜಿ, ಕಾಲಿನ ಬಿರುಕು, ಚಳಿಜ್ವರ. ಹಾಲ್‌ನಲ್ಲಿ ಎಪ್ಪತ್ತು ಎಂಬತ್ತು ಜನ ಇದ್ದರು, ಎಲ್ಲರೂ ಗುರುತಿನವರು. ಚಂದಕ್ಕ ತುಟಿ ಸ್ವಲ್ಪ ತೆರೆದು, ಮಗು ಕತೆ ಕೇಳುವ ಹಾಗೆ ಕೇಳುತ್ತಿದ್ದಳು. ನಮ್ಮಿಬ್ಬರಿಗೂ ಒಂದೇ ವಾರದಲ್ಲಿ ಜ್ವರ ಬಂತು ಎಂದಳು ಸರಸ. ನಾನು ಬದುಕಿದೆ, ನನ್ನ ಗಂಡನಿಗೆ ತಡವಾಯಿತು ಎಂದಳು. ಅಲ್ಲಿಗೆ ನಿಂತಳು. ಬದಿಯಲ್ಲಿ ಫೋನಿನ ಗಡಿಯಾರ ನೋಡುತ್ತಿದ್ದ ಜೋಸ್ಲಿನ್ ತಲೆ ಎತ್ತಿದಳು.

"ತಡ ಅದಾಗಿ ಆಗಲಿಲ್ಲ. ನಾನು ಮಾಡಿದ್ದು."

ಇನ್ನೊಂದು ಕೈಯನ್ನೂ ಸೇರಿಸಿ ಮೈಕನ್ನು ಹಿಡಿದುಕೊಂಡಳು. ಆಸ್ಪತ್ರೆಗೆ ಹೊರಟ ಮಧ್ಯಾಹ್ನದ ಎಲ್ಲವನ್ನೂ ಹೇಳಿದಳು. ಅಣ್ಣ ಕಾರು ತಂದದ್ದು, ಸೀಟು ಖಾಲಿ ಇದ್ದದ್ದು, ಅವನು ತಾನೂ ಬರುತ್ತೇನೆ ಎಂದದ್ದು, ತಾನು ಪಥ್ಯ ಮುರಿಯಬೇಡ ಎಂದದ್ದು. ಯಾರ ಮದ್ದು ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ನಾನು ಆ ಮದ್ದು ಕುಡಿದು ಬದುಕಿದೆ ಅಂತ ನೀವೆಲ್ಲ ಹೇಳ್ತೀರಿ. ನಾನು ಕುಡಿಯಲೇ ಇಲ್ಲ. ಆಗ ನಾನು ಮುಟ್ಟಾಗಿದ್ದೆ, ನನಗೆ ಕೊಡುವ ಕ್ರಮ ಇರಲಿಲ್ಲ. ಅದಕ್ಕೇ ಆಸ್ಪತ್ರೆಗೆ ಹೋದದ್ದು. ಅದೊಂದೇ ಕಾರಣಕ್ಕೆ ನಾನು ಇಲ್ಲಿ ನಿಂತಿದ್ದೇನೆ. ಅವರು ಗಂಡಸು, ಅವರಿಗೆ ಕೊಡಬಹುದಿತ್ತು. ಅವರು ಇಲ್ಲ." ಅವಳು ಬಾಗಿಲ ಕಡೆ ತಿರುಗಿದಳು. "ಹರ್ಷಿಣಿ, ಇವತ್ತು ಬೆಳಿಗ್ಗೆ ನನ್ನ ಕಣ್ಣೆದುರಿಗೆ ಯೋಗೀಶ ಕುಡಿದ. ನಾನು ಸುಮ್ಮನೆ ನಿಂತಿದ್ದೆ. ಅದು ಬರೀ ಕಾಮಾಲೆ ಅಲ್ಲ. ಪಥ್ಯ ಮುರಿ. ಈಗ ಮುರಿ."

ಹರ್ಷಿಣಿ ಬಾಗಿಲ ಹತ್ತಿರ ಒಂದು ಗಳಿಗೆ ಎಲ್ಲರ ಮುಖ ನೋಡಿದಳು. ಮತ್ತೆ ಕೊಡೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಓಡಿದಳು. ಜೋಸ್ಲಿನ್ ಫೋನು ಕಿವಿಗೆ ಹಿಡಿದು, ಆಂಬ್ಯುಲೆನ್ಸಿನವರಿಗೆ ದಾರಿ ಹೇಳುತ್ತ ಅವಳ ಹಿಂದೆ ಹೋದಳು. ಮಾತ್ರೆಯ ಪೆಟ್ಟಿಗೆ ಮೇಜಿನ ಮೇಲೆ ಅನಾಥವಾಗಿ ಉಳಿಯಿತು.

ಚಪ್ಪಾಳೆ ಇರಲಿಲ್ಲ. ಮೂರನೆಯ ಸಾಲಿನಿಂದ ಕಜೆಟನ್ ಎದ್ದು ನಿಂತರು. ಮೂವತ್ತು ವರ್ಷದಿಂದ ಪಕ್ಕದ ಮನೆಯವರು. ಸಿಟ್ಟಿನಿಂದಲ್ಲ, ನೋವಿನಿಂದಲೇ ಕೇಳಿದರು. ತಾನು ಹಳದಿಯಾಗಿ ಬಿದ್ದಿದ್ದಾಗ ಎಬ್ಬಿಸಿದ್ದು ಚಂದಕ್ಕನ ಮದ್ದು, ತನ್ನ ಮಗಳನ್ನೂ ಅದೇ ಉಳಿಸಿತು, ಒಂದು ಬಾಳೆಹಣ್ಣು ಕೊಟ್ಟರೂ ಮುಟ್ಟದ ಹೆಂಗಸು ಅವಳು, ಅವಳನ್ನು ಹೀಗೆ ಊರೆದುರು ನಿಲ್ಲಿಸಬಹುದೇ? ಸುಮಾರು ತಲೆಗಳು ಹೌದು ಎಂದು ಆಡಿದವು. ತಾನಾಗಿಯೇ ಹೋಗುವ ಕಾಮಾಲೆಯೂ ಉಂಟು, ಅದನ್ನು ಯಾವ ಮದ್ದು ಗುಣ ಮಾಡಿದ್ದೆಂದು ಹೇಳಲಾಗುವುದಿಲ್ಲ ಎಂದು ಜೋಸ್ಲಿನ್ ಇದ್ದಿದ್ದರೆ ಹೇಳುತ್ತಿದ್ದಳೋ ಏನೋ. ಸರಸಳಿಗೆ ಕಜೆಟನರ ಮುಖ ನೋಡಿ ಹಾಗೆ ಹೇಳಲು ಆಗಲಿಲ್ಲ. ಅವಳು ಮೈಕನ್ನು ಮೇಜಿನ ಮೇಲಿಟ್ಟಳು. ಚಂದಕ್ಕ ಆ ಹೊತ್ತಿಗೆ ಎದ್ದಾಗಿತ್ತು. ಕುರ್ಚಿಯ ಬೆನ್ನು ಹಿಡಿದು, ಮುಂದಿನ ಕುರ್ಚಿಯ ಬೆನ್ನು ಹಿಡಿದು, ಹಾಗೆಯೇ ಬಾಗಿಲವರೆಗೆ ನಡೆದಳು. ಯಾರೋ ಕೈ ಕೊಡಲು ಬಂದರೆ ಬೇಡವೆಂದಳು.

ಗದ್ದೆಯ ಅಂಚಿನ ಹುಣಿಯ ಮೇಲೆ ಅತ್ತೆ ಮುಂದೆ, ಸೊಸೆ ಹಿಂದೆ. ಮಳೆ ಹನಿಯುತ್ತಿತ್ತು. ಸರಸ ಕೊಡೆ ಹಿಡಿಯಲು ಹತ್ತಿರ ಹೋದರೆ ಚಂದಕ್ಕ ಹೆಜ್ಜೆ ಚುರುಕು ಮಾಡಿದಳು. ಮನೆಗೆ ಬಂದು ಒದ್ದೆ ಸೀರೆಯಲ್ಲೇ ದೀಪ ಹಚ್ಚಿ, ಊಟ ಬೇಡ ಎಂದು ಕೈಯಲ್ಲೇ ಹೇಳಿ ಮಲಗಿದಳು. ಏಳು ಗಂಟೆಗೆ ಜೋಸ್ಲಿನ್ ಫೋನು ಮಾಡಿದಳು. ಯೋಗೀಶ ಐಸಿಯುನಲ್ಲಿದ್ದಾನೆ, ಎರಡೂ ಕಿಡ್ನಿ ನಿಂತಿವೆ, ಡಯಾಲಿಸಿಸ್ ಶುರುವಾಗಿದೆ, ಎರಡು ದಿನ ಕಳೆಯದೆ ಏನೂ ಹೇಳಲಾಗುವುದಿಲ್ಲವಂತೆ. ನಿನ್ನೆ ಬಂದಿದ್ದರೆ ಒಳ್ಳೆಯದಿತ್ತು ಎಂದರಂತೆ. ಸರಸ ಅದನ್ನು ಅತ್ತೆಗೆ ಕೇಳುವ ಹಾಗೆ ಮತ್ತೊಮ್ಮೆ ಜೋರಾಗಿ ಹೇಳಿದಳು.

ಮರುದಿನ ಸಂಜೆಯವರೆಗೆ ಚಂದಕ್ಕ ಸೊಸೆಗೆ ಬೆನ್ನು ತಿರುಗಿಸಿಯೇ ಓಡಾಡಿದಳು. ಸರಸ ಅನ್ನ ಬಡಿಸಿದರೆ ಚಂದಕ್ಕ ಎರಡು ತುತ್ತು ತಿಂದು ಕೈ ತೊಳೆದಳು. ಬೈದಿದ್ದರೆ, ಮನೆಯಿಂದ ಹೊರಗೆ ಹಾಕಿದ್ದರೆ ಸರಸಳಿಗೆ ಹಗುರವಾಗುತ್ತಿತ್ತು. ತನಗೆ ಈ ಪ್ರಪಂಚದಲ್ಲಿ ಇದ್ದ ಒಬ್ಬರನ್ನೂ ತಾನೇ ಕೊಂದುಕೊಂಡೆ ಎಂದು ಅನಿಸಿ, ದನದ ಕೊಟ್ಟಿಗೆಯಲ್ಲಿ ನಿಂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಮಧ್ಯಾಹ್ನ ಹರ್ಷಿಣಿಯ ಫೋನು ಬಂತು. ಶ್ವಾಸಕೋಶಕ್ಕೂ ಹಿಡಿದಿದೆ, ಮೆಷಿನ್ ಹಾಕಿದ್ದಾರೆ ಎಂದಳು. ಅವಳ ದನಿಯಲ್ಲಿ ಅಳುವೂ ಉಳಿದಿರಲಿಲ್ಲ.

ಸಂಜೆ ಸರಸ ನೀರು ಸೇದುವಾಗ ಚಂದಕ್ಕ ಬಂದು ಬಾವಿಕಟ್ಟೆಯ ಮೇಲೆ ಕೂತಳು. ಮದ್ದಿನ ಕಲ್ಲು ಕಾಲ ಬುಡದಲ್ಲೇ ಇತ್ತು.

"ಅವನು ಕೇಳಿದ್ದನಾ? ನಾನೂ ಬರ್ತೇನೆ ಅಂತ, ಅವನ ಬಾಯಲ್ಲೇ?"

"ಹೌದು ಮಾಮಿ."

"ನನ್ನ ಹತ್ರ ಯಾಕೆ ಕೇಳ್ಲಿಲ್ಲ? ನಾನು ಒಳಗೇ ಇದ್ದೆನಲ್ಲ. ಅಡುಗೆಮನೆಯಲ್ಲಿದ್ದೆ."

ಸರಸ ಹಗ್ಗ ಬಿಡಲಿಲ್ಲ. ಕೊಡಪಾನ ಅರ್ಧಕ್ಕೆ ನಿಂತು ತೂಗಾಡಿತು. ಹಾಲ್‌ನಲ್ಲಿ ಅಷ್ಟೆಲ್ಲ ಹೇಳಿದವಳು ಇದೊಂದನ್ನು ಹೇಳಿರಲಿಲ್ಲ. ಯಾವ ಊರಿನಲ್ಲೂ, ಯಾವ ಜನ್ಮದಲ್ಲೂ ಹೇಳುವುದಿಲ್ಲ ಎಂದುಕೊಂಡಿದ್ದಳು. ಕಾರಿನ ಬಾಗಿಲು ಹಾಕುವ ಮೊದಲು ಗುಣಪಾಲ ಬಗ್ಗಿ ಹೇಳಿದ ಮಾತು ಅದು.

"ಬೇಡ ಬಿಡು, ಅಮ್ಮನಿಗೆ ಬೇಜಾರಾಗ್ತದೆ ಅಂದ್ರು."

ಚಂದಕ್ಕ ತಲೆ ಅಲ್ಲಾಡಿಸಿದಳು. ಹೌದು ಎಂದೋ ಅಲ್ಲ ಎಂದೋ ತಿಳಿಯಲಿಲ್ಲ. ಸರಸ ದನಕ್ಕೆ ನೀರಿಟ್ಟು, ಒಲೆ ಹೊತ್ತಿಸಿ, ಮತ್ತೆ ಬಂದು ನೋಡಿದಾಗಲೂ ಅಲ್ಲೇ ಕೂತಿದ್ದಳು.

ಮಾರನೆಯ ದಿನ ಸರಸಳಿಗೆ ಅದೇ ಹೊತ್ತಿಗೆ ಎಚ್ಚರವಾಯಿತು. ಕಲ್ಲಿನ ಸದ್ದಿರಲಿಲ್ಲ. ಯೋಗೀಶ ಮೂರನೆಯ ಮದ್ದಿಗೆ ಬರಬೇಕಾಗಿದ್ದ ದಿನ ಅದು. ಫೋನು ನೋಡಿದಳು. ಏನೂ ಬಂದಿರಲಿಲ್ಲ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದರೆ ಅಂಗಳದಲ್ಲಿ ಆಟೋ ನಿಂತಿತ್ತು. ಗಂಡ, ಹೆಂಡತಿ, ನಡುವೆ ಹದಿನೆಂಟರ ಒಂದು ಹುಡುಗಿ. ಮಟ್ಟುವಿನವರಂತೆ. ಹೊಳೆ ಉಕ್ಕಿ ಗುಳ್ಳದ ಗದ್ದೆಗೆ ನೀರು ನುಗ್ಗಿದಾಗ ಮಗಳೂ ಇಳಿದಿದ್ದಳು, ನಾಲ್ಕು ದಿನದಿಂದ ಜ್ವರ, ನಿನ್ನೆಯಿಂದ ಕಣ್ಣು ಹೀಗೆ. ತಾಯಿಯ ಕಂಕುಳಲ್ಲಿ ಒಂದು ಬೊಂಡ. ಚಂದಕ್ಕ ಜಗಲಿಯ ಮೇಲೆ ಕೂತಿದ್ದಳು, ಕೈ ಎರಡೂ ಮಡಿಲಲ್ಲಿ. ಅಜ್ಜಿ ಮಾತಾಡುವುದೇ ಇಲ್ಲ, ನಾವು ಬಂದು ಅರ್ಧ ಗಂಟೆ ಆಯಿತು ಎಂದು ಗಂಡಸು ಸರಸಳ ಹತ್ತಿರ ದೂರು ಹೇಳಿದ.

ಚಂದಕ್ಕ ಸೊಸೆಯ ಕಡೆ ನೋಡಲಿಲ್ಲ. "ಸರಸ," ಎಂದಳು, "ನಿನ್ನ ಆ ಏಳು ನಿಮಿಷದ್ದು ಇವರಿಗೆ ಹೇಳು."

ಸರಸ ಮೆಟ್ಟಿಲ ಮೇಲೆ ಕೂತಳು. ಮೈಕಿಲ್ಲದೆ, ಕೂದಲು ಕೆದರಿಕೊಂಡು, ಹೆಸರಿನಿಂದ ಶುರು ಮಾಡಿದಳು. ಆ ಹುಡುಗಿ ಅವಳ ಕುತ್ತಿಗೆಯ ಕಲೆಯನ್ನೇ ನೋಡುತ್ತಿದ್ದಳು. ನಮ್ಮಿಬ್ಬರಿಗೂ ಒಂದೇ ವಾರ ಜ್ವರ ಬಂತು ಎನ್ನುವಲ್ಲಿಗೆ ಬಂದಾಗ ಸರಸ ಅತ್ತೆಯ ಕಡೆ ನೋಡಿದಳು. ಮುಂದಿನದನ್ನು ಇಲ್ಲಿ, ಈ ಜಗಲಿಯಲ್ಲಿ, ಇವಳ ಎದುರು ಹೇಗೆ ಹೇಳುವುದು ಎಂದು ತಿಳಿಯದೆ ಮಾತು ನಿಲ್ಲಿಸಿದಳು.

"ನನ್ನ ಮಗ," ಎಂದಳು ಚಂದಕ್ಕ. "ಗುಣಪಾಲ ಅಂತ. ಅವನಿಗೆ ಮದ್ದು ಕೊಟ್ಟದ್ದು ನಾನು. ಈ ಕೈಯಲ್ಲಿ." ಅವಳು ಅಂಗೈಯನ್ನು ಎತ್ತಿ ಆ ತಾಯಿಗೆ ತೋರಿಸಿದಳು. ಎಷ್ಟೋ ವರ್ಷದ ಸೊಪ್ಪಿನ ಹಸಿರು ಕಲೆ ಗೆರೆಗಳಲ್ಲಿ ಕೂತಿತ್ತು. "ನಿನ್ನ ಮಗಳನ್ನು ಇಲ್ಲಿ ಕೂರಿಸಬೇಡ. ಏಳು."

ಆ ತಾಯಿ ಗಂಡನ ಮುಖ ನೋಡಿದಳು. ಗಂಡ ಏನನ್ನೋ ಕೇಳಲು ಹೊರಟು, ಮುದುಕಿಯ ಕೈ ಇನ್ನೂ ಇಳಿಯದ್ದನ್ನು ಕಂಡು ಮಗಳ ಕಡೆ ತಿರುಗಿದ. ಇಬ್ಬರೂ ಮಗಳನ್ನು ಹಿಡಿದು ಆಟೋದಲ್ಲಿ ಕೂರಿಸಿದರು. ಸರಸ ಜೋಸ್ಲಿನ್‌ಗೆ ಫೋನು ಹಚ್ಚಿ, ಮಟ್ಟುವಿನ ಒಂದು ಹುಡುಗಿ ಆಸ್ಪತ್ರೆಗೆ ಬರುತ್ತಿದ್ದಾಳೆ ಎಂದಳು. ಯೋಗೀಶನ ಬಗ್ಗೆ ಕೇಳಿದಳು. ಹಾಗೇ ಇದ್ದಾನೆ, ನಿನ್ನೆಯ ಹಾಗೇ ಎಂದಳು ಜೋಸ್ಲಿನ್.

ಆಟೋ ಗದ್ದೆಯ ಬದಿಯ ಮಣ್ಣಿನ ದಾರಿಯಲ್ಲಿ ನಿಧಾನವಾಗಿ ಕುಲುಕುತ್ತ ಹೊರಟಿತು. ಆಗ ಚಂದಕ್ಕನ ಕಣ್ಣಿಗೆ ಬೊಂಡ ಬಿತ್ತು. ಗಡಿಬಿಡಿಯಲ್ಲಿ ಆ ಹೆಂಗಸು ಅದನ್ನು ಮೆಟ್ಟಿಲ ಪಕ್ಕದಲ್ಲೇ ಬಿಟ್ಟು ಹೋಗಿದ್ದಳು. ನಾನು ಕೊಟ್ಟು ಬರುತ್ತೇನೆ ಎಂದು ಸರಸ ಎದ್ದಳು. ಚಂದಕ್ಕ ಕೇಳಿಸಿಕೊಳ್ಳಲಿಲ್ಲ. ಬೊಂಡವನ್ನು ಎದೆಗೆ ಒತ್ತಿಕೊಂಡು ಅಂಗಳಕ್ಕಿಳಿದು, ಬರಿಗಾಲಿನಲ್ಲಿ, ಬಾಗಿದ ಬೆನ್ನಿನಲ್ಲಿ ಆಟೋದ ಹಿಂದೆ ನಡೆಯತೊಡಗಿದಳು. ನಿಲ್ಲಿಸಿ, ನಿಮ್ಮದು ಇಲ್ಲಿ ಉಳಿಯಿತು ಎಂದು ಕೂಗುತ್ತಿದ್ದಳು. ತಿರುವಿನ ಹತ್ತಿರ ಆಟೋ ನಿಂತಿತು. ಮುದುಕಿ ಇನ್ನೂ ಅರ್ಧ ದಾರಿಯಲ್ಲಿದ್ದಳು.